ಟೊಂಕ, ಕುತ್ತಿಗಿ ನೋವಿಗೆ ಕೈರೋಪ್ರಾಕ್ಟಿಕ್ ಮಾಡಿಸ್ಬಹುದೇನ್ರಿ?

ಹೊಲಿಗಿ ಅಕ್ಕ (ಕಲಬುರಗಿ)

ಎಲ್ಲರಿಗೂ ಶರಣು. ನಾನು ಬ್ರಹ್ಮಪುರ ಕಡಿ ಮನಿಯಾಗೇ ಹೊಲಿಗಿ ಮಾಡ್ತೀನ್ರಿ. ವಯಸ್ಸು 39. ಹದಿನಾರು ವರ್ಷ ಆಯ್ತು ಮಷಿನ್ ಮುಂದ ಕುಂತು. ಮೇ ತಿಂಗಳು ಬಂತಂದ್ರ ಶಾಲಿ ಯೂನಿಫಾರ್ಮ್, ಅದು ಮುಗಿಯೋದ್ರೊಳಗ ಶ್ರಾವಣದ ಬ್ಲೌಸ್, ಅದರ ಹಿಂದೇ ದಸರಾ, ದೀಪಾವಳಿ. ಈ ವರ್ಷ ಜೂನ್ ಒಳಗ ಇನ್ನೂರಾ ಹತ್ತು ಜೋಡಿ ಯೂನಿಫಾರ್ಮ್ ಹೊಲಿದೆ. ಆವಾಗ ಹಿಡಿದ ಟೊಂಕ ಇನ್ನೂ ಬಿಟ್ಟಿಲ್ಲ. ಮೂರು ತಿಂಗಳಾಯ್ತು. ಮುಂಜಾನಿ ಏಳಬೇಕಂದ್ರ ಗ್ವಾಡಿ ಹಿಡಕೊಂಡೇ ಏಳಬೇಕು. ಬಲಗಡಿ ಕುತ್ತಿಗಿ ಕಟ್ಟಿಗಿ ಆದಂಗ ಬಿಗೀತದ. ಮಧ್ಯಾಹ್ನ ಮೂರರ ಸುಮಾರಿಗೆ ಅಲ್ಲಿಂದನೇ ನೋವು ಏರಿ, ತಲಿ ಹಿಂದಿನಿಂದ ಬಲಗಣ್ಣಿನ ಮ್ಯಾಲಿನ ತನಕ ಬರ್ತದ. ಆವಾಗ ಸೂಜಿಯೊಳಗ ದಾರ ಪೋಣಿಸ್ಲಿಕ್ಕೂ ಮಗಳನ್ನ ಕರೀಬೇಕಾಗ್ತದ.

ಮೆಡಿಕಲ್‌ದಾಗ ಗುಳಿಗಿ ತಗೊಂಡೆ, ಟೊಂಕಕ್ಕ ಕಟ್ಟೋ ಬೆಲ್ಟ್ ತಗೊಂಡೆ. ಗುಳಿಗಿ ನುಂಗಿದ ದಿನ ಒಂದೀಟು ಕಡಿಮಿ, ಮರುದಿನ ಮತ್ತ ಅಷ್ಟೇ. ಅಷ್ಟ್ರೊಳಗ ನಮ್ಮ ನಾದಿನಿ ಮಗ ಮೊಬೈಲ್‌ನಾಗ ಕೈರೋಪ್ರಾಕ್ಟಿಕ್ ವಿಡಿಯೋ ತೋರಿಸ್ದ. ಮಲಗಿಸಿ ಬೆನ್ನು ಒತ್ತುತ್ತಾರ, ಲಟ್ ಅಂತ ಸಪ್ಪಳ ಆಗ್ತದ, ಎದ್ದವರು ಕಣ್ಣೀರು ಒರಸಿಕೊಂಡು ನಗ್ತಾರ. ನೋಡಿ ನನಗೂ ಆಸೆ ಆಯ್ತು. ಈಗ ನಮ್ಮ ಕಡಿ ಒಂದು ಫಂಕ್ಷನ್ ಹಾಲ್‌ನಾಗ ಹೊರಗಿನವರು ಬಂದು ಶಿಬಿರ ಹಾಕ್ಯಾರ. ಹನ್ನೆರಡು ಸಲಕ್ಕ 9,600 ರೂಪಾಯಿ, ಆಯಿತವಾರದೊಳಗ ಕಟ್ಟಿದ್ರ ಕಡಿಮಿ ಮಾಡ್ತಾರಂತ. ಟೊಂಕ, ಕುತ್ತಿಗಿ ಅಷ್ಟೇ ಅಲ್ಲ, ಬಿಪಿ, ಸಕ್ಕರಿ ಕಾಯಿಲಿ, ಥೈರಾಯ್ಡ್, ಮಕ್ಕಳ ಉಬ್ಬಸ ಎಲ್ಲಾ ಹೋಗ್ತದಂತ ಹೇಳ್ತಾರ. ನಮ್ಮ ಅತ್ತೆಮ್ಮಗ ಬಿಪಿ, ಸಕ್ಕರಿ ಎರಡೂ ಅವ. ಒಂಬತ್ತು ವರ್ಷದ ಸಣ್ಣ ಮಗಳಿಗೆ ಉಬ್ಬಸ. ಮೂವರೂ ಹೋಗೋಣು ಅಂತ ಅತ್ತೆಮ್ಮ ಹಟ ಹಿಡದಾರ. 9,600 ಅಂದ್ರ ನನಗ ಭಾಳ ರೊಕ್ಕರಿ. ಮಾಡಿಸಿಕೊಂಡವರು ಯಾರರ ಇದ್ರ ಹೇಳ್ರಿ. ಖರೇ ಗುಣ ಆಗ್ತದೇನು? ಏನರ ಅಪಾಯ ಅದ ಏನು?

ಹುಮನಾಬಾದ್ ಹುಡುಗ

ಅಕ್ಕ, ನಾನು ಹುಮನಾಬಾದಿನವನು, ಕೆಲಸಕ್ಕೆ ಹೈದರಾಬಾದಿನಲ್ಲಿದ್ದೇನೆ. ದಿನಕ್ಕೆ ಹತ್ತು ತಾಸು ಕಂಪ್ಯೂಟರ್ ಮುಂದೆ. ಹೋದ ವರ್ಷ ಸೊಂಟ ಹಿಡಿದು ಕೈರೋಪ್ರಾಕ್ಟರ್ ಹತ್ತಿರ ಹೋಗಿದ್ದೆ. ನನಗೆ ಆದದ್ದನ್ನು ಹೇಳ್ತೀನಿ.

ಮೊದಲ ದಿನ ಅವರು ಕೈಯೇ ಹಚ್ಚಲಿಲ್ಲ. ಮುಕ್ಕಾಲು ತಾಸು ಬರೀ ಪ್ರಶ್ನೆ. ಕಾಲು ಜೋಮು ಹಿಡಿಯುತ್ತಾ, ಮೂತ್ರಕ್ಕೆ ತೊಂದರೆ ಇದೆಯಾ, ಹಿಂದೆ ಬಿದ್ದದ್ದುಂಟಾ, ಯಾವ ಮಾತ್ರೆ ತಗೋತೀರಿ ಅಂತ. ಮಂಡಿಗೆ ಸುತ್ತಿಗೆ ತಾಕಿಸಿ ನೋಡಿದರು, ಕಾಲು ನೇರ ಎತ್ತಿಸಿದರು. ಎರಡನೇ ದಿನ ಪಕ್ಕಕ್ಕೆ ಮಲಗಿಸಿ, ಮೇಲಿನ ಕಾಲು ಮಡಚಿಸಿ, ಒಂದೇ ಸಲ ಒತ್ತಿದರು. ಸಪ್ಪಳ ಬಂತು, ನೋವು ಏನೂ ಆಗಲಿಲ್ಲ. ಹೊರಗೆ ಬಂದಾಗ ಮೈ ಹಗುರ ಅನಿಸಿದ್ದು ಸುಳ್ಳಲ್ಲ. ಬಗ್ಗಿ ಶೂ ಲೇಸ್ ಕಟ್ಟಿಕೊಂಡೆ, ಎರಡು ತಿಂಗಳಲ್ಲಿ ಮೊದಲ ಸಲ.

ಆದರೆ ನಾಲ್ಕು ದಿನಕ್ಕೆ ನೋವು ಮತ್ತೆ ಬಂತು. ಮತ್ತೆ ಹೋದೆ, ಮತ್ತೆ ಬಂತು. ಐದನೇ ಸಲ ಅವರೇ ಹೇಳಿದರು: ‘ನಾನು ಕೊಟ್ಟ ವ್ಯಾಯಾಮ ನೀವು ಮಾಡ್ತಾ ಇಲ್ಲ, ಹೀಗಾದರೆ ನೀವು ನನಗೆ ರೊಕ್ಕ ಕೊಡ್ತಾನೇ ಇರಬೇಕಾಗುತ್ತೆ’ ಅಂತ. ಆಮೇಲೆ ವ್ಯಾಯಾಮ ಶುರು ಮಾಡಿದೆ, ಸಂಜೆ ನಡೆಯೋದು ಶುರು ಮಾಡಿದೆ. ಈಗ ಎಂಟು ತಿಂಗಳಿಂದ ಹೋಗಿಲ್ಲ. ನನಗೆ ಅನುಕೂಲ ಆಯಿತು, ಅದನ್ನು ಇಲ್ಲ ಅನ್ನಲ್ಲ. ಆದರೆ ಒಮ್ಮೆಗೇ ಹನ್ನೆರಡು ಸಲದ ದುಡ್ಡು ಮುಂಗಡ ಕೊಡಬೇಡಿ.

ಬೀದರಿನವ

ತಂಗೀ, ನಾನು ಭಾಳ ಬರಿಯಾಂವ ಅಲ್ಲ. ಆದ್ರ ಇದು ಹೇಳದೆ ಇರ್ಲಿಕ್ಕೆ ಆಗ್ಲಿಲ್ಲ.

ನಮ್ಮ ಅಣ್ಣ ಬಿದ್ರಿ ಕೆಲಸದಾಂವ. ನೆಲದ ಮ್ಯಾಲ ಕುಂತು, ತಲಿ ಬಗ್ಗಿಸಿ, ಉಳಿ ಹಿಡಕೊಂಡು ಹೂವಿನ ನಕ್ಷಿ ಕೊರೆದು ಅದರಾಗ ಬೆಳ್ಳಿ ತಂತಿ ಕೂಡಿಸೋ ಕೆಲಸ. ಹಂತಾ ಕೆಲಸದವರಿಗೆ ಕುತ್ತಿಗಿ ನೋವು ಇರೋದೇ. ಕಟಿಂಗ್ ಮಾಡಿಸ್ಲಿಕ್ಕೆ ಹೋದಾಗೊಮ್ಮೆ ಮಾಲಿಶ್ ಮಾಡಿಸಿ, ಕೊನಿಗೆ ತಲಿ ಹಿಡಿದು ಎರಡೂ ಕಡಿ ಲಟಕ್ ಅಂತ ತಿರುವಿಸಿಕೊಳ್ಳೋದು ಅವನ ರೂಢಿ. ಇಪ್ಪತ್ತು ವರ್ಷ ಏನೂ ಆಗಿರ್ಲಿಲ್ಲ. ಎರಡು ವರ್ಷದ ಹಿಂದ ಒಂದು ದಿನ ಹಂಗೇ ತಿರುವಿಸಿಕೊಂಡು ಮನಿಗೆ ಬಂದ. ಕುತ್ತಿಗಿಯಾಗ ಹರಿದಂಗ ನೋವು ಅಂದ. ರಾತ್ರಿ ಊಟಕ್ಕ ಕುಂತಾಂವ ರೊಟ್ಟಿ ಮುರೀಲಿಕ್ಕೆ ಕೈ ಚಾಚಿದ, ಕೈ ತಾಟಿನ ಮ್ಯಾಲ ಹೋಗ್ದೆ ಬಾಜೂಕ ಹೋಯ್ತು. ಮತ್ತ ಚಾಚಿದ, ಮತ್ತ ಬಾಜೂಕ. ಆಮ್ಯಾಲ ವಾಂತಿ, ತಲಿ ಸುತ್ತು, ಮಾತು ತೊದಲು. ದವಾಖಾನಿಯಾಗ ಸ್ಕ್ಯಾನ್ ಮಾಡಿ, ಕುತ್ತಿಗಿ ಹಿಂಬದಿಯಿಂದ ಮೆದುಳಿಗೆ ಹೋಗೋ ರಕ್ತನಾಳದ ಒಳಪದರ ಸೀಳ್ಯದ, ಅದರಿಂದ ಲಕ್ವಾ ಹೊಡದದ ಅಂದ್ರು. ಅವಾಗ ಅವಗ 41 ವರ್ಷ.

ಈಗ ನಡೀತಾನ, ಮಾತಾಡ್ತಾನ. ಉಳಿ ಮಾತ್ರ ಹಿಡೀಲಿಕ್ಕೆ ಬರೋದಿಲ್ಲ. ಆ ಅಂಗಡಿಯವನ ಮ್ಯಾಲ ನನಗ ಸಿಟ್ಟಿಲ್ಲ, ಅವಗೂ ಗೊತ್ತಿರ್ಲಿಲ್ಲ. ಯಾರೇ ಆಗ್ಲಿ, ಎಂಥಾ ಡಿಗ್ರಿ ಇರ್ಲಿ, ಕುತ್ತಿಗಿ ತಿರುವ್ಲಿಕ್ಕೆ ಕೊಡಬ್ಯಾಡ್ರಿ.

ಫಿಸಿಯೋ, ಶಹಾಪುರ

ಬೀದರಿನ ಅಣ್ಣಾರ, ನೀವು ಬರೆದದ್ದು ಭಾಳ ಮಂದಿಗೆ ಉಪಕಾರ ಆಗ್ತದ. ನಾನು ಅದಕ್ಕೇ ಮತ್ತ ಬರ್ತೀನಿ.

ಹೊಲಿಗಿ ಅಕ್ಕಾ, ನಾನು ಶಹಾಪುರದಾಕಿ, ಹನ್ನೊಂದು ವರ್ಷದಿಂದ ಕಲಬುರಗಿಯಾಗ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡ್ತೀನಿ. ನಿಮ್ಮಂಥ ಹೊಲಿಗಿಯವರು, ದಾಲ್ ಮಿಲ್ ಹಮಾಲರು, ಶಹಾಬಾದ್ ಕಡಿ ಪರಸಿ ಕಡಿಯೋರು, ದಿನಾ ಇವರ ಟೊಂಕ, ಕುತ್ತಿಗೀನೇ ನನ್ನ ಕೆಲಸ. ನಾನೂ ಕೈಯಿಂದ ಬೆನ್ನಿನ ಕೀಲು ಸಡಿಲ ಮಾಡ್ತೀನಿ. ಹಂಗಾಗಿ ಕೈರೋಪ್ರಾಕ್ಟಿಕ್ ಪೂರಾ ಸುಳ್ಳು ಅಂತ ನಾನು ಹೇಳಂಗಿಲ್ಲ. ಅದರೊಳಗ ಯಾವುದು ಖರೇ, ಯಾವುದು ಅಲ್ಲ ಅಂತ ಬಿಡಿಸಿ ಹೇಳ್ತೀನಿ.

ಇದು 1895ರಾಗ ಅಮೆರಿಕದ ಅಯೋವಾದಾಗ, ಡೇವನ್‌ಪೋರ್ಟ್ ಅನ್ನೋ ಊರಾಗ ಡಿ.ಡಿ. ಪಾಮರ್ ಅನ್ನೋರು ಶುರು ಮಾಡಿದ ಪದ್ಧತಿ. ಕಿವುಡ ಕೆಲಸಗಾರನೊಬ್ಬನ ಬೆನ್ನುಮಣಿ ಒತ್ತಿ ಕೂಡಿಸಿದ ಮ್ಯಾಲ ಅವಗ ಕಿವಿ ಕೇಳಿಸ್ತು ಅಂತ ಅವರು ಹೇಳಿದ್ರು. ಅಲ್ಲಿಂದ ಮುಂದ, ನೂರರಾಗ 95 ರೋಗಕ್ಕ ಬೆನ್ನುಮಣಿ ಜರುಗೋದೇ ಮೂಲ ಅನ್ನೋ ತನಕ ಹೋದ್ರು. ಕಿವಿಯ ನರ ಮೆದುಳಿನಿಂದ ಸೀದಾ ಕಿವಿಗೇ ಹೋಗ್ತದ, ಬೆನ್ನಾಗ ಇಳಿದು ಬರೋದಿಲ್ಲ ಅಕ್ಕಾ. ನಿಮ್ಮ ಶಿಬಿರದವರು ಬಿಪಿ, ಸಕ್ಕರಿ, ಥೈರಾಯ್ಡ್ ಅಂತ ಹೇಳೋದು ಆ ಹಳೇ ಮಾತಿನ ಬಾಲ. ಕೈರೋಪ್ರಾಕ್ಟರ್‌ಗಳೊಳಗೇ ಭಾಳ ಮಂದಿ ಈಗ ಅದನ್ನ ಒಪ್ಪೋದಿಲ್ಲ.

ಟೊಂಕದ ಮಾತು ಬ್ಯಾರೆ. ಅದಕ್ಕ ಆಧಾರ ಅದ. 2017ರಾಗ ಅಮೆರಿಕದ ವೈದ್ಯರ ಸಂಘ ಹೊಸ ಟೊಂಕ ನೋವಿಗೆ ಗುಳಿಗಿಗಿಂತ ಮೊದಲು ಬಿಸಿ ಕಾವು, ಮಾಲಿಶ್, ಬೆನ್ನುಮಣಿಗೆ ಕೈಚಿಕಿತ್ಸೆ ಇಂಥವು ನೋಡ್ರಿ ಅಂತ ಸಲಹಾ ಕೊಟ್ಟದ. 2023ರಾಗ ವಿಶ್ವ ಆರೋಗ್ಯ ಸಂಸ್ಥೆ ಹಳೇ ಟೊಂಕ ನೋವಿನ ಮಾರ್ಗಸೂಚಿ ಹೊರಡಿಸ್ದಾಗ, ವ್ಯಾಯಾಮದ ಜೋಡಿ ಈ ಕೈಚಿಕಿತ್ಸೆನೂ ಸೇರಿಸ್ಯದ. ನೀವು ಕಟ್ಟಿಕೊಂಡಂಥ ಬೆಲ್ಟ್ ಮಾತ್ರ ಬ್ಯಾಡ ಅಂತ ಅದರೊಳಗೇ ಬರೆದಾರ. ಆದ್ರ ಲಾಭ ಎಷ್ಟು? ನೂರಕ್ಕ ಅರವತ್ತು ಇದ್ದ ನೋವು ಐವತ್ತಕ್ಕ ಇಳೀತದ, ಸುಮಾರು ಅಷ್ಟು. ಅದೂ ಕೆಲವು ವಾರ. ಫಿಸಿಯೋಥೆರಪಿ, ವ್ಯಾಯಾಮದಿಂದ ಸಿಗೋದೂ ಹೆಚ್ಚುಕಡಿಮಿ ಅಷ್ಟೇ. ಹುಮನಾಬಾದಿನ ತಮ್ಮನಿಗೆ ಆದದ್ದು ಅದೇ: ನಾಲ್ಕು ದಿನ ಹಗುರ ಆಗ್ತದ, ಆ ನಾಲ್ಕು ದಿನದಾಗ ನೀವು ಮೈ ಬಗ್ಗಿಸಿ, ನಡೆದು, ಬೆನ್ನು ಗಟ್ಟಿ ಮಾಡಿಕೋಬೇಕು. ಇಲ್ಲಂದ್ರ ಮತ್ತ ಅಲ್ಲಿಗೇ ಬರ್ತದ.

ಆ ಲಟ್ ಸಪ್ಪಳದ ಬಗ್ಗೆ ಒಂದು ಮಾತು. ಅದು ಎಲುಬು ಜಾಗಕ್ಕ ಕೂಡಿದ ಸಪ್ಪಳ ಅಲ್ಲ. ಕೀಲಿನೊಳಗ ಎಣ್ಣಿಯಂಥ ದ್ರವ ಇರ್ತದ. ಕೀಲು ಎಳೆದಾಗ ಅದರೊಳಗ ಗಾಳಿಗುಳ್ಳಿ ಹುಟ್ಟಿ ಆ ಸಪ್ಪಳ ಬರ್ತದ. 2015ರಾಗ ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳು ಎಳೆದು ನಟಿಗಿ ಮುರಿಯೋದನ್ನ ಎಂಆರ್‌ಐ ಒಳಗೇ ಚಿತ್ರ ತೆಗೆದು ತೋರಿಸ್ಯಾರ. ನಿಮ್ಮ ನಟಿಗಿ ಮುರಿದಾಗ ಬೆರಳು ಜರುಗಿತ್ತೇನು? ಹಂಗೇ ಇದು. ಸಪ್ಪಳ ಬರ್ಲಿಲ್ಲಂದ್ರ ಚಿಕಿತ್ಸೆ ಆಗ್ಲಿಲ್ಲ ಅಂತಲೂ ಅಲ್ಲ.

ಕುತ್ತಿಗಿ, ಅದರಿಂದ ಏರೋ ತಲಿನೋವು. ನೀವು ಬರೆದ ಲಕ್ಷಣ, ಅಂದ್ರ ಒಂದೇ ಕಡಿ ಬಿಗಿದು, ತಲಿ ಹಿಂದಿಂದ ಕಣ್ಣಿನ ಮ್ಯಾಲ ಬರೋದು, ಕೆಲಸ ಮಾಡ್ತಾ ಹೆಚ್ಚಾಗೋದು, ಇದು ಕುತ್ತಿಗಿ ಕೀಲು, ಸ್ನಾಯುವಿನಿಂದ ಹುಟ್ಟೋ ತಲಿನೋವಿನಂಗ ಕಾಣ್ತದ. ಕೈಯಿಂದ ಸಾವಕಾಶ ಸಡಿಲ ಮಾಡೋದ್ರಿಂದ, ಕುತ್ತಿಗಿ ವ್ಯಾಯಾಮದಿಂದ ಇದಕ್ಕ ಆರಾಮ ಸಿಗ್ತದ. ಕುತ್ತಿಗಿಯನ್ನ ಝಟ್ ಅಂತ ತಿರುವೋದಕ್ಕ ಮಾತ್ರ ನಾನು ಒಪ್ಪೋದಿಲ್ಲ. ಬೀದರಿನವರ ಅಣ್ಣಗ ಆದಂಥದ್ದು ವಿರಳ. ಆದ್ರ ಆದಾಗ ಲಕ್ವಾ ಆಗ್ತದ, ಮತ್ತ ಅದೇ ಲಾಭ ಸಾವಕಾಶ ಮಾಡೋ ಚಿಕಿತ್ಸೆಯಿಂದ ಸಿಗ್ತದ. ಹಂಗಿದ್ದ ಮ್ಯಾಲ ಆ ಅಪಾಯ ಯಾಕ ತಗೋಬೇಕು? ಹನ್ನೊಂದು ವರ್ಷದಾಗ ಒಬ್ಬರ ಕುತ್ತಿಗೀನೂ ನಾನು ಹಂಗ ತಿರುವಿಲ್ಲ, ತಿರುವೋದೂ ಇಲ್ಲ.

ಈಗ ಮುಖ್ಯವಾದದ್ದು. ಶಿಬಿರದಾಗ ಒಬ್ಬರ ಹಿಂದ ಒಬ್ಬರನ್ನ ಮಲಗಿಸಿ ಒತ್ತೋದು ನನಗ ಹೆದರಿಕಿ ಬರಸ್ತದ. ನಮ್ಮ ಕಡಿ ಟೊಂಕ ನೋವಂದ್ರ ಎಲ್ಲಾ ಒಂದೇ ಅಲ್ಲ. ಯಾದಗಿರಿ, ಕಲಬುರಗಿಯ ಎಷ್ಟೋ ಹಳ್ಳಿಯಾಗ ಬೋರ್‌ವೆಲ್ ನೀರಿನಾಗ ಫ್ಲೋರೈಡ್ ಹೆಚ್ಚದ. ವರ್ಷಗಟ್ಟಲೆ ಆ ನೀರು ಕುಡಿದ ಕೆಲವರ ಬೆನ್ನೆಲುಬು ಬಿದಿರಿನಂಗ ಬಿರುಸಾಗಿರ್ತದ, ನೋಡ್ಲಿಕ್ಕೆ ದಪ್ಪ, ಒತ್ತಿದ್ರ ಮುರೀಬಹುದು. ಬೆನ್ನಿನ ಟಿಬಿ ಇನ್ನೂ ಕಾಣ್ತೀವಿ. ನನ್ನ ಹತ್ತಿರ ಆಳಂದ ಕಡಿಯಿಂದ ಒಬ್ಬ ಹುಡುಗ ಬಂದಿದ್ದ, ಇಪ್ಪತ್ತೆರಡು ವರ್ಷ. ಮೂರು ಕಡಿ ಬೆನ್ನು ಒತ್ತಿಸಿಕೊಂಡು ಬಂದಿದ್ದ. ಅಂಗಿ ತೆಗೆಸಿ ಬೆನ್ನಿನ ಮ್ಯಾಲ ಬೆರಳು ಆಡಿಸ್ದೆ, ನಡುವಿನ ಒಂದು ಮಣಿ ಹೊರಗ ಗಂಟಿನಂಗ ಕೈಗೆ ಹತ್ತಿತು. ಸಂಜಿಗೆ ಜ್ವರ ಬರ್ತದೇನಪ್ಪಾ ಅಂದೆ. ಹೌದು, ಪ್ಯಾಂಟೂ ಸಡಲ ಆಗ್ಯಾವು ಅಂದ. ಅವತ್ತೇ ಕಳಿಸ್ದೆ. ಟಿಬಿನೇ ಇತ್ತು. ಔಷಧ ಮುಗಿಸಿ ಈಗ ಆರಾಮ ಅದಾನ. ಆ ಮೂರು ಕಡಿ ಒಬ್ಬರೂ ಅವನ ಅಂಗಿ ತೆಗೆಸಿ ನೋಡಿರ್ಲಿಲ್ಲ.

ಅದಕ್ಕ ನಿಮಗ ಕೇಳ್ತೀನಿ ಅಕ್ಕಾ. ರಾತ್ರಿ ಮಲಗಿದಾಗ ನೋವು ಹೆಚ್ಚಾಗ್ತದೇನು? ಜ್ವರ, ತೂಕ ಇಳಿಯೋದು ಅದ ಏನು? ಕಾಲಿನಾಗ ಶಕ್ತಿ ಕಡಿಮಿ ಆಗ್ಯದೇನು? ಒಂದಕ್ಕ, ಎರಡಕ್ಕ ಹೋಗೋದ್ರಾಗ ಹಿಡಿತ ತಪ್ಪಿ, ಕೂಡೋ ಜಾಗದಾಗ ಜೋಮು ಹಿಡಿದ್ರ ಅವತ್ತೇ ದೊಡ್ಡ ದವಾಖಾನಿಗೆ ಹೋಗ್ಬೇಕು, ಮರುದಿನದ ತನಕ ಕಾಯಬಾರ್ದು.

ಹಿಂದುಸ್ತಾನದಾಗ ಕೈರೋಪ್ರಾಕ್ಟರ್‌ಗಳಿಗೆ ಡಾಕ್ಟರ್, ನರ್ಸ್‌ಗಳಿಗೆ ಇದ್ದಂಗ ಪರಿಷತ್ತಿನ ನೋಂದಣಿ ಇಲ್ಲ. ಆಯುಷ್‌ದಾಗೂ ಅದು ಬರೋದಿಲ್ಲ. ಹೊರದೇಶದಾಗ ನಾಲ್ಕು ವರ್ಷ ಓದಿ ಬಂದವರೂ ತಮ್ಮನ್ನ ಕೈರೋಪ್ರಾಕ್ಟರ್ ಅಂತಾರ, ವಾರದ ಕೋರ್ಸ್ ಮಾಡಿದವರೂ ಅಂತಾರ. ವಿಶ್ವ ಆರೋಗ್ಯ ಸಂಸ್ಥೆ 2005ರಾಗ ಹಾಕಿದ ಲೆಕ್ಕದ ಪ್ರಕಾರ ಪೂರ್ಣ ತರಬೇತಿಗೆ ಕಡಿಮಿ ಅಂದ್ರ 4,200 ತಾಸು ಬೇಕು, ಅದರಾಗ 1,000 ತಾಸು ಹಿರಿಯರ ಮುಂದ ರೋಗಿಗಳನ್ನ ನೋಡಿದ್ದು. ಶಿಬಿರದಾಗ ಇದೊಂದು ಕೇಳ್ರಿ: ಎಲ್ಲಿ ಓದೀರಿ, ಎಷ್ಟು ವರ್ಷ?

ಜೇವರ್ಗಿ ಮುತ್ಯಾ

ನಮ್ಮ ಕಾಲದಾಗ ಟೊಂಕ ಉಳುಕಿದ್ರ ಕಾಲು ಮುಂದಾಗಿ ಹುಟ್ಟಿದವರನ್ನ ಕರೆಸಿ ಕಾಲಿಲೆ ಮುಟ್ಟಿಸ್ತಿದ್ದೆವು. ನನಗೂ ಮುಟ್ಟಿಸ್ಯಾರ, ವಾರದಾಗ ಆರಾಮಾಯ್ತು. ಡಾಕ್ಟರವ್ವಾ, ಅದಕ್ಕೇನಂತಿ?

ಫಿಸಿಯೋ, ಶಹಾಪುರ

ಮುತ್ಯಾ, ನಮ್ಮ ಆಯಿನೂ ಕಾಲು ಮುಂದಾಗಿ ಹುಟ್ಟಿದಾಕಿ. ಊರ ಮಂದಿ ಬರ್ತಿದ್ರು, ನಾನೇ ನೋಡೀನಿ. ಹೊಸದಾಗಿ ಹಿಡಿದ ಟೊಂಕ ಬಹಳಷ್ಟು ಸಲ ಏನೂ ಮಾಡದಿದ್ರೂ ಒಂದೂವರಿ ತಿಂಗಳೊಳಗ ತಾನೇ ಸಾಕಷ್ಟು ಕಡಿಮಿ ಆಗ್ತದ. ಆ ಹೊತ್ತಿಗೆ ಯಾರು ಮುಟ್ಟಿರ್ತಾರೋ ಅವರಿಗೆ ಹೆಸರು ಬರ್ತದ, ನಮ್ಮ ಆಯಿಗೂ, ನನಗೂ. ಆದ್ರ ಒಂದು ಕಾಳಜಿ ಇದ್ದ ಕೈ ಬೆನ್ನ ಮ್ಯಾಲ ಬಿದ್ರ ಹೆದರಿಕಿ ಇಳೀತದ, ಬಿಗಿದ ಸ್ನಾಯು ಬಿಡ್ತದ. ಅದೂ ಖರೇನೇ ಮುತ್ಯಾ.

ಹೊಲಿಗಿ ಅಕ್ಕ

ಎಲ್ಲರಿಗೂ ಭಾಳ ಉಪಕಾರ ಆಯ್ತು. ಬೀದರಿನ ಅಣ್ಣಾ, ನೀವು ಬರೆದದ್ದು ಓದಿ ನಮ್ಮನಿಯವರು ಅವತ್ತೇ ನಾಯಿಂದನ ಅಂಗಡಿಯಾಗ ಕುತ್ತಿಗಿ ತಿರುವಿಸಿಕೊಳ್ಳೋದು ಬಿಟ್ಟಾರ.

ಫಿಸಿಯೋ ತಂಗೀ, ನೀ ಕೇಳಿದ ಜ್ವರ, ಜೋಮು ಯಾವುದೂ ನನಗಿಲ್ಲ. ರಾತ್ರಿ ಮಲಗಿದ ಮ್ಯಾಲ ಆರಾಮ ಅನಸ್ತದ, ಮುಂಜಾನಿ ಬಿಗೀತದ. ಶಿಬಿರದಾಗ ಎಲ್ಲಿ ಓದೀರಿ ಅಂತ ಕೇಳ್ದೆ. ‘ಅನುಭವ ಮುಖ್ಯ ರೀ ಅಮ್ಮಾ’ ಅಂದ್ರು. ತಿರುಗಿ ಬಂದೆ. ಅತ್ತೆಮ್ಮ ಮಾತ್ರ ಬಿಡ್ಲಿಲ್ಲ. ಸಕ್ಕರಿ ಗುಳಿಗಿ ಬಿಟ್ಟು ಬರ್ರಿ ಅಂತ ಅಲ್ಲಿ ಹೇಳ್ಯಾರಂತ. ಅವರಿಗೆ ಹ್ಯಾಂಗ ತಿಳಿಸಿ ಹೇಳ್ಲಿ? ಮಗಳ ಉಬ್ಬಸಕ್ಕ ಏನೂ ಉಪಯೋಗ ಇಲ್ಲೇನು?

ಫಿಸಿಯೋ, ಶಹಾಪುರ

ಅಕ್ಕಾ, ಗುಳಿಗಿ ಬಿಡಿಸೋ ಮಾತು ಬಂದ ಕೂಡ್ಲೇ ಅಲ್ಲಿಂದ ಎದ್ದು ಬರ್ಬೇಕು. ಅತ್ತೆಮ್ಮನ ವಯಸ್ಸಿಗೆ ಎಲುಬು ತೆಳ್ಳಗಾಗಿರ್ತಾವು, ಜೋರಾಗಿ ಒತ್ತಿದ್ರ ಮಣಿ ಕುಸೀಬಹುದು. ಇದನ್ನ ಅವರಿಗೆ ಸೀದಾ ಹೇಳ್ರಿ, ಸಕ್ಕರಿ ವಾದಕ್ಕಿಂತ ಇದು ಲಗೂನ ತಿಳೀತದ. ಬಿಪಿ ಚೀಟಿ ತಗೊಂಡು ತಿಂಗಳಿಗೊಮ್ಮೆ ತೋರಿಸ್ಕೊಳ್ಳೋದು ತಪ್ಪಬಾರ್ದು.

ಮಗಳ ಉಬ್ಬಸಕ್ಕ ಇದರಿಂದ ಏನೂ ಆಗೋದಿಲ್ಲ. 1998ರಾಗ ಕೆನಡಾದಾಗ ಉಬ್ಬಸದ ಮಕ್ಕಳನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಖರೇ ಕೈರೋಪ್ರಾಕ್ಟಿಕ್, ಇನ್ನೊಂದಕ್ಕ ಬರೀ ಮಾಡಿದಂಗ ತೋರಿಸಿ ನೋಡಿದ್ರು. ಎರಡರ ನಡುವ ಫರಕ್ ಬರ್ಲಿಲ್ಲ. ಇನ್‌ಹೇಲರ್ ತಪ್ಪಿಸಬ್ಯಾಡ್ರಿ. ಇನ್ನೊಂದು: ನೀವು ಹೊಲಿಯೋ ಖೋಲಿಯಾಗೇ ಮಗಳು ಮಲಗ್ತಾಳೇನು? ಅರಿವಿಯ ನೂಲು, ಧೂಳು ಅವಳಿಗೆ ಆಗಿಬರೋದಿಲ್ಲ.

ನಿಮ್ಮ ಮಷಿನ್ ಫೋಟೊ ಕಳಿಸಿದ್ರಲ್ಲ, ಅದನ್ನ ನೋಡೇ ನನಗ ಅರ್ಧ ಉತ್ತರ ಸಿಕ್ತು. ಬೆನ್ನಿಲ್ಲದ ಸ್ಟೂಲ್, ಮೇಜು ಗಿಡ್ಡ. ಸೂಜಿ ನೋಡ್ಬೇಕಂದ್ರ ಗದ್ದ ಎದಿಗೆ ಹತ್ತಬೇಕು. ಮನಿ ಹಿಂದ ಪರಸಿ ತುಂಡು ಇದ್ದೇ ಇರ್ತಾವು. ಮಷಿನಿನ ನಾಲ್ಕೂ ಕಾಲಿಗೆ ಒಂದೊಂದು ಇಡ್ರಿ, ಹಿಂದಿನ ಎರಡಕ್ಕ ಎರಡೆರಡು, ಜಾರದಂಗ ನಡುವ ಹಳೇ ಟ್ಯೂಬ್ ರಬ್ಬರ್ ಹಾಕ್ರಿ. ಮೇಜು ಒಂದೀಟು ನಿಮ್ಮ ಕಡಿ ವಾಲ್ತದ, ತಲಿ ಬಗ್ಗೋದು ಕಡಿಮಿ ಆಗ್ತದ. ಸ್ಟೂಲ್ ತೆಗೆದು ಬೆನ್ನಿರೋ ಕುರ್ಚಿ ಹಾಕ್ರಿ. ಮೂರು ಸಲ ಬಾಬಿನ್ ತುಂಬಿದ ಮ್ಯಾಲ ಎದ್ದು ನಿಂದ್ರಿ, ಗದ್ದ ಹಿಂದಕ್ಕ ಎಳೆದು ಐದು ಎಣಿಸಿ ಬಿಡ್ರಿ, ಹತ್ತು ಸಲ. ಮುಂಜಾನಿ ಹಾಸಿಗಿ ಮ್ಯಾಲೇ ಮಂಡಿ ಮಡಚಿ ಟೊಂಕ ಎತ್ತಿ ಇಳಿಸ್ರಿ, ಆಮ್ಯಾಲ ಅಂಗಾಲು ಊರಿ ಏಳ್ರಿ. ಸಂಜಿಗೆ ಅರ್ಧ ತಾಸು ನಡೀರಿ. ಒಂದು ಸಲ ಸರ್ಕಾರಿ ದವಾಖಾನಿಯಾಗ ಎಲುಬಿನ ಡಾಕ್ಟರಿಗೆ ತೋರಿಸಿ, ಅಲ್ಲೇ ಫಿಸಿಯೋಥೆರಪಿ ವಿಭಾಗಕ್ಕ ಬರೆಸಿಕೊಳ್ರಿ. 9,600 ಬ್ಯಾಗಿನಾಗೇ ಇರ್ಲಿ.

ಹೊಲಿಗಿ ಅಕ್ಕ

ಏಳು ವಾರದ ಮ್ಯಾಲ ಬರೀಲಿಕತ್ತೀನಿ. ದವಾಖಾನಿಯಾಗ ತೋರಿಸ್ದೆ, ಎಕ್ಸರೇದಾಗ ಏನೂ ಇಲ್ಲ. ಫಿಸಿಯೋ ವಿಭಾಗದಾಗ ಆರು ಸಲ ಹೋದೆ, ಅಲ್ಲಿ ಮೇಡಂ ಕುತ್ತಿಗಿ ತಿರುವ್ಲಿಲ್ಲ, ಬೆರಳಿಂದ ಒಂದೊಂದೇ ಮಣಿ ಸಾವಕಾಶ ಒತ್ತಿದ್ರು. ತಲಿನೋವು ವಾರಕ್ಕ ಒಂದು ಸಲಕ್ಕ ಬಂದದ. ಟೊಂಕ ಇನ್ನೂ ಪೂರಾ ಹೋಗಿಲ್ಲ, ಭಾಳ ಹೊತ್ತು ಕುಂತ್ರ ಚಳಕು ಬರ್ತದ, ಆದ್ರ ಗ್ವಾಡಿ ಹಿಡಿಯೋದು ತಪ್ಪ್ಯದ. ದೀಪಾವಳಿ ಬ್ಲೌಸ್ ಅರವತ್ತೆರಡು ಇದ್ವು, ಇಪ್ಪತ್ತು ಬಾಜೂ ಮನಿ ಹುಡುಗಿಗೆ ಕೊಟ್ಟೆ. ಮಗಳನ್ನ ಒಳಖೋಲಿಯಾಗ ಮಲಗಿಸ್ತೀನಿ. ಅತ್ತೆಮ್ಮ ಗುಳಿಗಿ ಬಿಟ್ಟಿಲ್ಲ, ಸಂಜಿಗೆ ನನ್ನ ಜೋಡಿ ಅಪ್ಪನ ಗುಡಿ (ಶರಣಬಸವೇಶ್ವರ ಗುಡಿ) ತನಕ ನಡೀತಾರ.

ಪರಸಿ ತುಂಡು ಮುಂದಿನ ಕಾಲಿಗೆ ಒಂದು ಸಾಲ್ಲಿಲ್ಲ ತಂಗೀ, ಎರಡು ಇಟ್ಟೆ, ಹಿಂದ ಮೂರು. ಈಗ ಸೂಜಿ ಕಣ್ಣಿನ ಎದುರಿಗೇ ಬರ್ತದ. ದಾರ ನಾನೇ ಪೋಣಸ್ತೀನಿ.